ತೋಟ, ತೋಪು, ನಡುಗಡ್ಡೆ: ನೀರಿನ ಮಟ್ಟ ಬರೆದ ಚರಿತ್ರೆ

ಕಾಲೇಜು ವಿದ್ಯಾರ್ಥಿಗಳ ಒಂದು ದಿನದ ಪ್ರವಾಸದ ಮಾತು ಬಂದಾಗ ಮಂಡ್ಯ, ಮೈಸೂರು ಕಡೆಯ ಅಧ್ಯಾಪಕರಿಗೆ ಥಟ್ಟನೆ ನೆನಪಾಗುವ ಹೆಸರುಗಳು ಕೆಲವಿವೆ: ರಂಗನತಿಟ್ಟು, ಬೃಂದಾವನ, ದರಿಯಾ ದೌಲತ್, ಕುಂತಿಬೆಟ್ಟ, ತೊಣ್ಣೂರು ಕೆರೆ, ಮೇಲುಕೋಟೆ, ಆದಿಚುಂಚನಗಿರಿ, ಹೇಮಗಿರಿ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಈ ನಾಲ್ಕು ತಾಲ್ಲೂಕುಗಳೊಳಗೆ ಇವೆಲ್ಲ ಸೇರುತ್ತವೆ. ಸಾಮಾನ್ಯವಾಗಿ ಇವುಗಳಲ್ಲಿ ಕೆಲವನ್ನು ಇತಿಹಾಸದ ಪಟ್ಟಿಗೂ ಉಳಿದವನ್ನು ನಿಸರ್ಗದ ಪಟ್ಟಿಗೂ ಸೇರಿಸಿ ಮುಗಿಸುತ್ತೇವೆ. ಅರಮನೆ ಇತಿಹಾಸಕ್ಕೆ, ಹಕ್ಕಿ ಜೀವವಿಜ್ಞಾನಕ್ಕೆ, ಅಣೆಕಟ್ಟು ಎಂಜಿನಿಯರಿಂಗಿಗೆ ಎಂಬ ಹಂಚಿಕೆ ನಡೆದುಬಿಡುತ್ತದೆ.

ಈ ಹಂಚಿಕೆಯನ್ನು ಬದಿಗಿಟ್ಟು ನೋಡಿದರೆ ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿರುವ ಸಂಗತಿಯೊಂದು ಕಾಣಿಸುತ್ತದೆ. ಅದು ನೀರಿನ ಮಟ್ಟ. ಇಲ್ಲಿನ ಹಸಿರುತಾಣಗಳಲ್ಲಿ ಹೆಚ್ಚಿನವು ಯಾರೋ ಒಬ್ಬರು ನೀರನ್ನು ಒಂದು ಎತ್ತರದಲ್ಲಿ ತಡೆದು ನಿಲ್ಲಿಸಿದ್ದರಿಂದ ಹುಟ್ಟಿದವು. ಆ ಮಟ್ಟವನ್ನು ಕಾಯುವವರು ಇರುವವರೆಗೆ ಬದುಕಿದವು. ಕಾಯುವವರು ಇಲ್ಲವಾದಾಗ, ಅಥವಾ ಅವರ ಗಮನ ಬೇರೆಡೆ ಹರಿದಾಗ, ಅಳಿದವು. ಈ ದೃಷ್ಟಿಯಿಂದ ನಾಲ್ಕು ತಾಲ್ಲೂಕುಗಳನ್ನು ಸುತ್ತಿಬರುವುದು ಈ ಲೇಖನದ ಉದ್ದೇಶ.

ಎರಡು ನೀರಿನ ದಾರಿಗಳು

ಮೊದಲು ನಕ್ಷೆಯನ್ನು ಮುಂದಿಟ್ಟುಕೊಳ್ಳೋಣ. ಪಶ್ಚಿಮದಲ್ಲಿ ಹೇಮಾವತಿ ನದಿ ಕೃಷ್ಣರಾಜಪೇಟೆ ತಾಲ್ಲೂಕನ್ನು ಹಾದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಹೊರಬಿದ್ದ ಕಾವೇರಿ ರಂಗನತಿಟ್ಟಿನ ನಡುಗಡ್ಡೆಗಳನ್ನು ಬಳಸಿ, ಕವಲೊಡೆದು, ಶ್ರೀರಂಗಪಟ್ಟಣವನ್ನು ದ್ವೀಪವಾಗಿಸುತ್ತದೆ. ಉತ್ತರದಲ್ಲಿ ನಾಗಮಂಗಲ ತಾಲ್ಲೂಕಿನ ಒಂದು ಭಾಗದ ಮಳೆನೀರು ಲೋಕಪಾವನಿ ಹೊಳೆಯಾಗಿ ಪಾಂಡವಪುರದ ಕಡೆಯಿಂದ ಇಳಿದು ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಕೂಡುತ್ತದೆ. ಹೀಗೆ ನಾಲ್ಕೂ ತಾಲ್ಲೂಕುಗಳ ನೀರು ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಒಂದಾಗುತ್ತದೆ. ವರ್ಷಕ್ಕೆ ಸರಾಸರಿ ಸುಮಾರು 700 ಮಿ.ಮೀ. ಮಳೆ ಬೀಳುವ ಈ ಸೀಮೆಯಲ್ಲಿ ಬರಿಯ ಮಳೆಯನ್ನು ನಂಬಿ ಅಡಿಕೆ, ತೆಂಗು, ಹೂದೋಟ ಬೆಳೆಸುವುದು ಕಷ್ಟ. ನದಿ ತುಂಬಿ ಹರಿಯುತ್ತಿದ್ದರೂ ಅದು ಹೊಲಕ್ಕಿಂತ ತಗ್ಗಿನಲ್ಲಿರುತ್ತದೆ. ನೀರನ್ನು ಮೇಲೆತ್ತುವ ಬದಲು, ಮೇಲ್ಗಡೆಯೇ ಕಟ್ಟೆ ಹಾಕಿ, ನದಿಗಿಂತ ಕಡಿಮೆ ಇಳಿಜಾರಿನ ನಾಲೆಯಲ್ಲಿ ಹರಿಸಿದರೆ ಕೆಲವು ಮೈಲಿಗಳಾಚೆ ನಾಲೆ ನದಿಗಿಂತ ಎಷ್ಟೋ ಎತ್ತರದಲ್ಲಿರುತ್ತದೆ. ಕಾವೇರಿ ಬಯಲಿನ ಹಳೆಯ ನಾಲೆಗಳ ಜಾಣ್ಮೆಯೆಲ್ಲ ಈ ಒಂದು ಸರಳ ತತ್ತ್ವದಲ್ಲಿದೆ.

ಮೈಸೂರು ಅರಸರಲ್ಲಿ ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638–1659) ಮತ್ತು ಚಿಕ್ಕದೇವರಾಜ ಒಡೆಯರು (1673–1704) ಈ ತತ್ತ್ವವನ್ನು ಚೆನ್ನಾಗಿ ದುಡಿಸಿಕೊಂಡರು. ಕಂಠೀರವರ ಕಾಲದ ಬಂಗಾರದೊಡ್ಡಿ ನಾಲೆ ಕಾವೇರಿಯ ಒಂದು ಕವಲಿನಿಂದ ಹೊರಟು, ಇನ್ನೊಂದು ಕವಲನ್ನು ಕಲ್ಲಿನ ಮೇಲ್ಗಾಲುವೆಯ ಮೂಲಕ ದಾಟಿ, ಶ್ರೀರಂಗಪಟ್ಟಣ ದ್ವೀಪದೊಳಕ್ಕೆ ಬರುತ್ತದೆ. ನದಿಯ ಮೇಲೆ ನದಿಯದೇ ನೀರು ಹರಿಯುವ ಈ ನೋಟವನ್ನು ವಿದ್ಯಾರ್ಥಿಗಳು ತಪ್ಪದೆ ನೋಡಬೇಕು. ಚಿಕ್ಕದೇವರಾಜರ ಹೆಸರಿನ ಚಿಕ್ಕದೇವರಾಯಸಾಗರ ನಾಲೆಯೂ ಈ ಬಯಲಿಗೆ ನೀರುಣಿಸುತ್ತಿದೆ.

ಗಂಜಾಂನ ಲಾಲ್‌ಬಾಗ್

ಲಾಲ್‌ಬಾಗ್ ಎಂದೊಡನೆ ನಮಗೆ ನೆನಪಾಗುವುದು ಬೆಂಗಳೂರು. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ ಅದು. ಅದೇ ಹೆಸರಿನ ಇನ್ನೊಂದು ತೋಟ ಶ್ರೀರಂಗಪಟ್ಟಣ ದ್ವೀಪದ ಪೂರ್ವ ತುದಿಯಲ್ಲಿ, ಗಂಜಾಂ ಬಳಿ ಇತ್ತು. ಸುಮಾರು 5 ಕಿ.ಮೀ. ಉದ್ದದ ದ್ವೀಪದ ಪಶ್ಚಿಮ ತುದಿಯಲ್ಲಿ ಕೋಟೆ, ಪೂರ್ವದಲ್ಲಿ ಈ ತೋಟ, ನಡುವೆ ನದಿಯ ಉತ್ತರ ಕವಲಿಗೆ ಮುಖಮಾಡಿ 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ದರಿಯಾ ದೌಲತ್ ಮತ್ತು ಅದರ ತೋಟ. ಹೈದರನ ಸಮಾಧಿಯಾದ ಗುಂಬಜ್ ಲಾಲ್‌ಬಾಗಿನೊಳಗೇ ಇದೆ. ತೋಟದಲ್ಲಿ ಸೈಪ್ರೆಸ್ ಮರಗಳ ಸಾಲುಗಳೂ ಹಣ್ಣಿನ ಮರಗಳೂ ಒಂದು ಅರಮನೆಯೂ ಇದ್ದವು.

ಟಿಪ್ಪುವಿಗೆ ಗಿಡಮರಗಳ ಬಗೆಗೆ ಇದ್ದ ಆಸಕ್ತಿ ಬರಿಯ ಅಲಂಕಾರದ್ದಲ್ಲ. 1788ರಲ್ಲಿ ಫ್ರಾನ್ಸಿನ ಅರಸ 16ನೇ ಲೂಯಿಯ ಆಸ್ಥಾನಕ್ಕೆ ಹೋದ ಆತನ ರಾಯಭಾರಿಗಳು ಸೈನಿಕ ನೆರವಿನ ಜೊತೆಗೆ ಹೂವು, ಹಣ್ಣಿನ ಗಿಡಗಳ ಬೀಜಗಳನ್ನೂ ತೋಟಗಾರರನ್ನೂ ಕೇಳಿದ್ದರು. ರೇಷ್ಮೆ ಹುಳುವಿನ ಸಾಕಣೆ ಮತ್ತು ಹಿಪ್ಪುನೇರಳೆಯ ಬೇಸಾಯಕ್ಕೆ ಈ ಸೀಮೆಯಲ್ಲಿ ಒತ್ತು ಸಿಕ್ಕಿದ್ದೂ ಆ ಕಾಲದಲ್ಲೇ. ಗಂಜಾಂ ಎಂಬ ಹೆಸರಿನ ಅಂಜೂರದ ತಳಿಯೊಂದು ತೋಟಗಾರಿಕೆಯ ಪುಸ್ತಕಗಳಲ್ಲಿ ಇಂದಿಗೂ ಉಳಿದಿದೆ. ಹೊಸ ನೆಲಕ್ಕೆ ಹೊಸ ಗಿಡವನ್ನು ಒಗ್ಗಿಸಿ ನೋಡುವ ಕೆಲಸವನ್ನು ಇಂದು ನಾವು ಸಂಶೋಧನಾ ಕೇಂದ್ರಗಳಲ್ಲಿ ಮಾಡುತ್ತೇವೆ. ಅಂದು ಅದು ಅರಸರ ತೋಟಗಳಲ್ಲಿ ನಡೆಯುತ್ತಿತ್ತು.

ಈ ತೋಟದ ಅಂತ್ಯ ದಾಖಲಾಗಿರುವುದು ಶತ್ರುಪಕ್ಷದ ಬರವಣಿಗೆಯಲ್ಲಿ. 1792ರ ಫೆಬ್ರವರಿ 6ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸನ ಸೇನೆ ನದಿ ದಾಟಿ ದ್ವೀಪದ ಪೂರ್ವಭಾಗವನ್ನು ಹಿಡಿಯಿತು. ಕೋಟೆಗೆ ಮುತ್ತಿಗೆ ಹಾಕಲು ಕಂದಕಗಳನ್ನು ತೋಡಬೇಕು. ಅವುಗಳ ಅಂಚನ್ನು ನಿಲ್ಲಿಸಲು ಕಟ್ಟಿಗೆಯ ಕಂತೆಗಳು, ಮಣ್ಣು ತುಂಬುವ ಬುಟ್ಟಿಗಳು ಬೇಕು. ಹತ್ತಿರ ಸಿಕ್ಕಿದ್ದು ಲಾಲ್‌ಬಾಗಿನ ಮರಗಳು. ಸೈಪ್ರೆಸ್ ಸಾಲುಗಳು ಉರುಳಿದವು. ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಆ ಸೇನೆಯಲ್ಲಿದ್ದ ಅಧಿಕಾರಿ ಅಲೆಕ್ಸಾಂಡರ್ ಡಿರೋಮ್ 1793ರಲ್ಲಿ ಪ್ರಕಟಿಸಿದ ಯುದ್ಧದ ವರದಿಯಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ. ಅದೇ ಯುದ್ಧಕಾಲದಲ್ಲಿ ನಾಗಮಂಗಲ ಪಟ್ಟಣವೂ ಮರಾಠಾ ಸೇನೆಯ ಹಾವಳಿಗೆ ಸಿಕ್ಕಿ ಹಾಳಾಯಿತು. ಮುಂದೆ 1829–31ರಲ್ಲಿ ಊಟಿಯಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚನ್ನು ಕಟ್ಟುವಾಗ ಬಳಸಿದ ಭಾರಿ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪು ಅರಮನೆಯಿಂದ ಹೋದವು. ದಶಕಗಳ ಕಾಲ ಬೆಳೆದ ಸೈಪ್ರೆಸ್ ಸಾಲು ಬೀಳಲು ಕೆಲವು ದಿನಗಳು ಸಾಕಾದವು.

ಒಂದು ತೋಪು, ಒಂದು ಕತ್ತಲೆಯ ರಾತ್ರಿ

ನಾಲೆ ಮತ್ತು ತೋಪಿನ ಸಂಬಂಧ ಒಂದು ರಾತ್ರಿಯ ದಾಳಿಯ ಗತಿಯನ್ನೇ ಬದಲಿಸಿದ ಪ್ರಸಂಗವೊಂದು ಇಲ್ಲಿದೆ. 1799ರ ಏಪ್ರಿಲ್ 5ರ ರಾತ್ರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ (ಮುಂದೆ ವಾಟರ್‌ಲೂ ಕದನದಲ್ಲಿ ಹೆಸರಾದ ಡ್ಯೂಕ್ ಆಫ್ ವೆಲಿಂಗ್ಟನ್) ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನ ಮೇಲೆ ದಾಳಿಗೆ ಹೊರಟ. ದಟ್ಟವಾದ ತೋಪು, ಅದರ ತುಂಬ ಆಳವಾದ ನೀರುಗಾಲುವೆಗಳು. ಕತ್ತಲಲ್ಲಿ ಸೈನಿಕರು ಕಾಲುವೆಗಳಲ್ಲಿ ಎಡವಿ ಚದುರಿದರು. ಮೈಸೂರಿನ ಬಂದೂಕು ಮತ್ತು ರಾಕೆಟ್‌ಗಳ ದಾಳಿ ಅವರನ್ನು ಹಿಮ್ಮೆಟ್ಟಿಸಿತು. ವೆಲ್ಲೆಸ್ಲಿಯ ಮಂಡಿಗೂ ಪೆಟ್ಟು ಬಿತ್ತು. ಮರುದಿನ ಹಗಲಿನಲ್ಲಿ ಹೆಚ್ಚಿನ ಸೇನೆಯೊಂದಿಗೆ ಬಂದು ತೋಪನ್ನು ಹಿಡಿಯಲಾಯಿತು. ಮೈಸೂರಿನ ರಾಕೆಟ್ಟಿನ ವೈಶಿಷ್ಟ್ಯ ಅದರ ಕಬ್ಬಿಣದ ಕೊಳವೆ. ಕಾಗದದ ಕೊಳವೆಗಿಂತ ಹೆಚ್ಚಿನ ಒತ್ತಡವನ್ನು ಅದು ತಾಳುತ್ತಿದ್ದುದರಿಂದ ನೂಕುಬಲವೂ ಹೆಚ್ಚುತ್ತಿತ್ತು. ರಾಕೆಟ್ಟಿನ ಪಾಠ ಮಾಡುವಾಗ ನಾವು ಇದನ್ನು ಹೇಳುತ್ತೇವೆ. ಆದರೆ ಆ ರಾತ್ರಿ ರಾಕೆಟ್ಟಿನಷ್ಟೇ ಕೆಲಸ ಮಾಡಿದ್ದು ರೈತನೊಬ್ಬ ತೋಡಿದ ಕಾಲುವೆ ಎಂಬುದನ್ನು ಮರೆಯಬಾರದು.

ತೋಟಗಳನ್ನು ಬೆಳೆಸಿದ ಅದೇ ನೀರು ಇನ್ನೊಂದು ಜೀವಿಯನ್ನೂ ಬೆಳೆಸಿತು. 1799ರ ನಂತರ ಇಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೇನೆ ಜ್ವರದಿಂದ ತತ್ತರಿಸಿ, 1809ರ ಹೊತ್ತಿಗೆ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಅಂದು ದೂರಿದ್ದು ಕೆಟ್ಟ ಗಾಳಿಯನ್ನು. ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಗುರುತಿಸಿದ್ದು 1897ರಲ್ಲಿ. ರಾಜಧಾನಿ ಮೈಸೂರಿಗೆ ಹೋಗಿ, ಸೇನೆ ಬೆಂಗಳೂರಿಗೆ ಹೋದ ಮೇಲೆ ಶ್ರೀರಂಗಪಟ್ಟಣದ ತೋಟಗಳನ್ನು ಕೇಳುವವರು ಕಡಿಮೆಯಾದರು. ಬೆಂಗಳೂರಿನ ಲಾಲ್‌ಬಾಗ್ ಸಸ್ಯಶಾಸ್ತ್ರಜ್ಞರ ಕೈ ಸೇರಿ ಬೆಳೆಯಿತು; ಗಂಜಾಂನ ಲಾಲ್‌ಬಾಗ್ ಗುಂಬಜಿನ ಸುತ್ತಲಿನ ಆವರಣಕ್ಕೆ ಕುಗ್ಗಿತು.

ಕಟ್ಟೆಯಿಂದ ಹುಟ್ಟಿದ ನಡುಗಡ್ಡೆಗಳು

ರಂಗನತಿಟ್ಟು ಪಕ್ಷಿಧಾಮವನ್ನು ನಾವು ಪ್ರಕೃತಿಯ ಕೊಡುಗೆ ಎಂದು ವರ್ಣಿಸುತ್ತೇವೆ. ವಾಸ್ತವವಾಗಿ ಇಲ್ಲಿನ ನಡುಗಡ್ಡೆಗಳು ರೂಪುಗೊಂಡದ್ದು 1640ರ ದಶಕದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದ ಮೇಲೆ. ಕಟ್ಟೆಯ ಹಿಂದೆ ನೀರಿನ ಮಟ್ಟ ಏರಿದಾಗ ನದೀಪಾತ್ರದ ಉಬ್ಬುನೆಲಗಳು ಮಾತ್ರ ತಲೆಯೆತ್ತಿ ನಿಂತವು. ಮೂರು ಶತಮಾನಗಳ ಬಳಿಕ, 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆಂದು ಬಂದ ಸಲೀಂ ಅಲಿ ಅವರು ಇಲ್ಲಿನ ಗೂಡುಗಳನ್ನು ಕಂಡು, ಈ ಸ್ಥಳವನ್ನು ರಕ್ಷಿಸಬೇಕೆಂದು ಒತ್ತಾಯಿಸಿದರು. 1940ರಲ್ಲಿ ಪಕ್ಷಿಧಾಮದ ಘೋಷಣೆಯಾಯಿತು. ಅಂದು ಅದರ ವಿಸ್ತಾರ ಸುಮಾರು 40 ಎಕರೆ. 2022ರಲ್ಲಿ ರಂಗನತಿಟ್ಟು ಸುಮಾರು 518 ಹೆಕ್ಟೇರ್ ವಿಸ್ತಾರದ ರಾಮ್‌ಸರ್ ತಾಣವಾಗಿ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಈ ಮನ್ನಣೆ ಪಡೆದ ಕರ್ನಾಟಕದ ಮೊದಲ ಜೌಗುನೆಲ ಇದು.

ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಕೆಂಬರಲು, ಹೆಜ್ಜಾರ್ಲೆ ಮೊದಲಾದ ಹಕ್ಕಿಗಳು ಇಲ್ಲಿ ಗುಂಪುಗುಂಪಾಗಿ ಗೂಡು ಕಟ್ಟುತ್ತವೆ. ಬಂಡೆಗಳ ಮೇಲೆ ನದಿ ರೀವಗಳು ಮೊಟ್ಟೆಯಿಡುತ್ತವೆ. ಹಕ್ಕಿಗಳು ನಡುಗಡ್ಡೆಯನ್ನೇ ಆರಿಸಿಕೊಳ್ಳಲು ಕಾರಣ ಸ್ಪಷ್ಟ. ಸುತ್ತಲಿನ ನೀರು ಕೋಟೆಯ ಕಂದಕದಂತೆ. ಅದರಲ್ಲಿ ಮೊಸಳೆಗಳೂ ಇರುವುದರಿಂದ ನಾಯಿ, ಕಾಡುಬೆಕ್ಕುಗಳು ಸುಲಭವಾಗಿ ದಾಟಲಾರವು. ನೀರಿನ ಮಟ್ಟ ತೀರ ಇಳಿದರೆ ಕಂದಕ ಬತ್ತುತ್ತದೆ. ತೀರ ಏರಿದರೆ ಗೂಡುಗಳೇ ಮುಳುಗುತ್ತವೆ. ಎಂದರೆ, ಪಕ್ಷಿಧಾಮದ ಬದುಕು ಎರಡು ಮಟ್ಟಗಳ ನಡುವಿನ ಕಿರಿದಾದ ಅಂತರದಲ್ಲಿದೆ.

ಆ ಅಂತರವನ್ನು ಈಗ ನಿರ್ಧರಿಸುವುದು ಮೇಲಿನ ಕೃಷ್ಣರಾಜಸಾಗರದ ತೂಬುಗಳು. ಒಂದು ಲೆಕ್ಕ ಮಾಡೋಣ. ನದಿ 400 ಮೀ. ಅಗಲವಾಗಿದೆ ಎಂದು ಭಾವಿಸಿ. ಜಲಾಶಯದಿಂದ 5,000 ಕ್ಯುಸೆಕ್ ಬಿಟ್ಟರೆ ಅದು ಸೆಕೆಂಡಿಗೆ ಸುಮಾರು 142 ಘನ ಮೀಟರ್. ನೀರಿನ ವೇಗ ಸೆಕೆಂಡಿಗೆ 1 ಮೀ. ಆದರೆ ಸರಾಸರಿ ಆಳ 0.35 ಮೀ. ಅದೇ 1 ಲಕ್ಷ ಕ್ಯುಸೆಕ್ ಬಿಟ್ಟರೆ ಸೆಕೆಂಡಿಗೆ ಸುಮಾರು 2,830 ಘನ ಮೀಟರ್. ವೇಗ ಸೆಕೆಂಡಿಗೆ 2 ಮೀ.ಗೆ ಏರಿದರೂ ಆಳ 3.5 ಮೀ. ಮುಟ್ಟುತ್ತದೆ. ಇದು ಲೆಕ್ಕದ ಮಾದರಿ ಮಾತ್ರ. ನಿಜವಾದ ನದೀಪಾತ್ರ ಸಮತಟ್ಟಾಗಿಲ್ಲ. ಆದರೂ ತೂಬಿನ ಬಾಗಿಲು ಎತ್ತಿದಾಗ ತಗ್ಗಿನ ಕೊಂಬೆಯ ಗೂಡಿಗೆ ಏನಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. 2018 ಮತ್ತು 2019ರ ಪ್ರವಾಹಗಳಲ್ಲಿ ನಡುಗಡ್ಡೆಗಳ ಮಣ್ಣು ಕೊಚ್ಚಿಹೋಗಿ, ಬಳಿಕ ಮರಳಿನ ಚೀಲಗಳನ್ನು ಜೋಡಿಸಿ ಅಂಚುಗಳನ್ನು ಭದ್ರಪಡಿಸಬೇಕಾಯಿತು.

ಇಲ್ಲಿ ಮೂರು ಇಸವಿಗಳನ್ನು ಒಟ್ಟಿಗೆ ನೆನಪಿಡುವುದು ಒಳ್ಳೆಯದು: 1640ರ ದಶಕದ ಕಟ್ಟೆ, 1930ರ ದಶಕದ ಆರಂಭಕ್ಕೆ ಪೂರ್ಣಗೊಂಡ ಜಲಾಶಯ, 1940ರ ಪಕ್ಷಿಧಾಮ. ಮೊದಲನೆಯದು ನೀರಾವರಿಗೆ, ಎರಡನೆಯದು ನೀರಾವರಿ ಮತ್ತು ವಿದ್ಯುತ್ತಿಗೆ. ಹಕ್ಕಿಗಳ ಹೆಸರು ಕಡತದಲ್ಲಿ ಬಂದದ್ದು ಮೂರನೆಯ ಬಾರಿಗೆ.

ಬೃಂದಾವನದ ಕಾರಂಜಿ

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆಗ ಸಂಸ್ಥಾನದ ಮುಖ್ಯ ಎಂಜಿನಿಯರ್. 1912ರಿಂದ 1918ರವರೆಗೆ ದಿವಾನರು. ಟಿಪ್ಪುವಿನ ಕಾಲದಲ್ಲೇ ಇಲ್ಲಿ ಕಟ್ಟೆ ಕಟ್ಟುವ ಸಂಕಲ್ಪವಿತ್ತು ಎಂಬುದನ್ನು ಸ್ಥಳದಲ್ಲಿ ದೊರೆತ 1790ರ ದಶಕದ ಪರ್ಷಿಯನ್ ಶಾಸನ ತಿಳಿಸುತ್ತದೆ. ಅಣೆಕಟ್ಟಿಗೆ ಬಳಸಿದ್ದು ಸಿಮೆಂಟನ್ನಲ್ಲ, ಸುರ್ಕಿ ಗಾರೆಯನ್ನು. ಸುಟ್ಟ ಇಟ್ಟಿಗೆಯ ಪುಡಿಯಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ ಸುಣ್ಣದೊಂದಿಗೆ ವರ್ತಿಸಿ, ನೀರಿನಲ್ಲೂ ಗಟ್ಟಿಯಾಗುವ ಬಂಧಕವನ್ನು ಕೊಡುತ್ತವೆ. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿ.ಎಂ.ಸಿ. ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಇದನ್ನು ಸುಮಾರು 38 ಮೀ. ಮತ್ತು 140 ಕೋಟಿ ಘನ ಮೀಟರ್ ಎಂದು ವಿದ್ಯಾರ್ಥಿಗಳಿಂದಲೇ ಬದಲಾಯಿಸಿಸಬಹುದು.

ದಿವಾನ್ ಮಿರ್ಜಾ ಇಸ್ಮಾಯಿಲ್ (1926–1941) ಅವರ ಆಸಕ್ತಿಯಿಂದ, ಅಣೆಕಟ್ಟಿನ ಕೆಳಗೆ, ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಉದ್ಯಾನ ರೂಪುಗೊಂಡಿತು. 1927ರಲ್ಲಿ ಆರಂಭವಾದ ಕೆಲಸ 1932ರಲ್ಲಿ ಮುಗಿಯಿತು. ಅದರ ವಿನ್ಯಾಸದೊಂದಿಗೆ ಸೇರಿಕೊಂಡಿರುವ ಹೆಸರು ಗುಸ್ತಾವ್ ಹರ್ಮನ್ ಕ್ರುಂಬೀಗಲ್ (1865–1956) ಅವರದು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡದ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದ ಅವರು ಬೆಂಗಳೂರಿನ ಲಾಲ್‌ಬಾಗನ್ನೂ ಬೆಳೆಸಿದವರು.

ಮೆಟ್ಟಿಲು ತೋಟದ ಗುಟ್ಟು ಎತ್ತರದ ವ್ಯತ್ಯಾಸ. ಮೇಲಿನ ನೀರಿನ ಸ್ಥಿತಿಜ ಶಕ್ತಿ ಕೆಳಗೆ ಬರುವಾಗ ಚಲನ ಶಕ್ತಿಯಾಗುತ್ತದೆ. ಕಾರಂಜಿಯ ಬಾಯಿಗಿಂತ ನೀರಿನ ಮೂಲ 10 ಮೀ. ಎತ್ತರದಲ್ಲಿದ್ದರೆ ನೀರು ಚಿಮ್ಮುವ ವೇಗ √(2 × 9.8 × 10), ಅಂದರೆ ಸೆಕೆಂಡಿಗೆ 14 ಮೀ. ಘರ್ಷಣೆ ಇಲ್ಲದಿದ್ದರೆ ಅದು ಮತ್ತೆ 10 ಮೀ. ಏರಬೇಕು. ಕೊಳವೆಯ ಗೋಡೆ ಮತ್ತು ಗಾಳಿಯ ತಡೆಯಿಂದಾಗಿ ಅಷ್ಟು ಏರುವುದಿಲ್ಲ. ಟಾರಿಚೆಲ್ಲಿಯ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ಮರೆಯುವ ವಿದ್ಯಾರ್ಥಿಗೆ ಒಮ್ಮೆ ಇಲ್ಲಿ ನಿಂತು ಕೋನಮಾಪಕದಿಂದ ಕಾರಂಜಿಯ ಎತ್ತರ ಅಳೆಯುವ ಕೆಲಸ ಕೊಟ್ಟು ನೋಡಿ. ಅಳತೆಗೂ ಸೂತ್ರಕ್ಕೂ ಇರುವ ಅಂತರವೇ ಆ ದಿನದ ಪಾಠ.

ತೊಣ್ಣೂರು: ಚಿಕ್ಕ ಏರಿ, ದೊಡ್ಡ ಕೆರೆ

ಪಾಂಡವಪುರದ ವಾಯವ್ಯಕ್ಕೆ ಸಾಗಿದರೆ ತೊಣ್ಣೂರು. 12ನೇ ಶತಮಾನದಲ್ಲಿ ರಾಮಾನುಜಾಚಾರ್ಯರು ಇಲ್ಲಿ ನೆಲೆಸಿದ್ದರು. ಕೆರೆಯನ್ನು ಕಟ್ಟಿಸಿದ ಕೀರ್ತಿಯನ್ನು ಪರಂಪರೆ ಅವರಿಗೆ ಸಲ್ಲಿಸುತ್ತದೆ. ತಿರುಮಲಸಾಗರ ಎಂಬುದು ಇದರ ಹಳೆಯ ಹೆಸರು. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗ್ ತಿಳಿನೀರಿಗೆ ಮಾರುಹೋಗಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂದು ಕರೆದನು.

ಎರಡು ಬಂಡೆಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಏರಿ ಹಾಕಲಾಗಿದೆ. ಇಷ್ಟು ದೊಡ್ಡ ಕೆರೆಯ ನೀರನ್ನು ಇಷ್ಟು ಚಿಕ್ಕ ಏರಿ ಹೇಗೆ ತಡೆಯುತ್ತದೆ? ತರಗತಿಯಲ್ಲಿ ಈ ಪ್ರಶ್ನೆಯನ್ನು ಖಂಡಿತ ಕೇಳಬೇಕು. ನೀರಿನ ಒತ್ತಡ ಆಳವನ್ನು ಮಾತ್ರ ಅವಲಂಬಿಸುತ್ತದೆ, ಹಿಂದೆ ಹರಡಿಕೊಂಡಿರುವ ನೀರಿನ ಪ್ರಮಾಣವನ್ನಲ್ಲ. ಆಳ 10 ಮೀ. ಇದ್ದರೆ ಏರಿಯ ಪ್ರತಿ ಮೀಟರ್ ಉದ್ದದ ಮೇಲೆ ಬೀಳುವ ಬಲ ಸುಮಾರು 50 ಟನ್ ತೂಕದಷ್ಟು. ಕೆರೆ ಒಂದು ಫರ್ಲಾಂಗ್ ಹರಡಿದ್ದರೂ, ಒಂದು ಮೈಲಿ ಹರಡಿದ್ದರೂ ಅಷ್ಟೇ. ಆದರೆ ಆಳ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಏರಿಯ ಬುಡ ಅಗಲ, ನೆತ್ತಿ ಕಿರಿದು. ಪ್ಯಾಸ್ಕಲ್ ಹುಟ್ಟಿದ್ದು 1623ರಲ್ಲಿ. ಅದಕ್ಕೂ ಎಷ್ಟೋ ಮೊದಲು ನಮ್ಮ ಒಡ್ಡರು, ಮಣ್ಣುಕೆಲಸದವರು ಸೂತ್ರವಿಲ್ಲದೆಯೇ ಈ ಆಕಾರವನ್ನು ಅನುಭವದಿಂದ ಕಂಡುಕೊಂಡಿದ್ದರು.

ಬಂಡೆಯ ಬೆಟ್ಟಗಳು, ಕಾವಲುಗಳು

ನಾಲೆಯ ನೀರು ಏರಲಾರದ ಜಾಗಗಳಲ್ಲಿ ಬೇರೆಯೇ ಒಂದು ನಿಸರ್ಗವಿದೆ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದರು. ಊರಿನ ಪಕ್ಕದ ಜೋಡಿಬೆಟ್ಟ ಕುಂತಿಬೆಟ್ಟ. ಈ ಸೀಮೆಯ ತಳಹದಿಯ ನೀಸ್ ಶಿಲೆಗಳು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯವು. ಭೂಮಿಯ ಆಳದಲ್ಲಿ ರೂಪುಗೊಂಡ ಶಿಲೆಯ ಮೇಲಿನ ಹೊದಿಕೆ ಸವೆದಂತೆ ಒತ್ತಡ ಇಳಿದು, ಬಂಡೆ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿರಿಯುತ್ತದೆ. ಬೆಟ್ಟ ಹತ್ತುವ ದಾರಿಯಲ್ಲಿ ಇಂಥ ಪದರಗಳನ್ನು ಬೆರಳಿಟ್ಟು ತೋರಿಸಬಹುದು.

ಹತ್ತಿರದ ಬೇಬಿಬೆಟ್ಟ ದನಗಳ ಜಾತ್ರೆಗೆ ಹೆಸರಾದುದು. ಇದರ ತಪ್ಪಲು ಅಮೃತಮಹಲ್ ಕಾವಲು. ಚಿಕ್ಕದೇವರಾಜರ ಕಾಲದಲ್ಲಿ ಬೆಣ್ಣೆ ಚಾವಡಿ ಎನ್ನಿಸಿಕೊಂಡಿದ್ದ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟನು. ಸೇನೆಯ ಬಂಡಿ ಎಳೆಯುವ ಎತ್ತುಗಳಿಗಾಗಿ ಮೀಸಲಿಟ್ಟ ಈ ಹುಲ್ಲುಗಾವಲುಗಳು ತಿಳಿಯದೆಯೇ ಮೊಲ, ತೋಳ, ಗೌಜಲಕ್ಕಿಗಳಿಗೂ ಆಸರೆಯಾದವು. ಈ ಬೆಟ್ಟದ ಸುತ್ತಲಿನ ಕಲ್ಲುಗಣಿಗಾರಿಕೆ ಬಹುಕಾಲ ವಿವಾದದಲ್ಲಿತ್ತು. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಅಣೆಕಟ್ಟಿನ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಕೃಷ್ಣರಾಜಸಾಗರದ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಸಬಾರದೆಂದು ಆದೇಶಿಸಿತು. ಸ್ಫೋಟದ ಕಂಪನ ದೂರದೊಂದಿಗೆ ಕುಗ್ಗುತ್ತದೆ. ಆದರೆ ಒಮ್ಮೆಗೆ ಸಿಡಿಸುವ ಸ್ಫೋಟಕದ ತೂಕ ನಾಲ್ಕು ಪಟ್ಟಾದರೆ ಅದೇ ಪ್ರಮಾಣದ ಕಂಪನ ಸುಮಾರು ಎರಡು ಪಟ್ಟು ದೂರ ಮುಟ್ಟುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. ಬೆಟ್ಟ, ಕಾವಲು, ಅಣೆಕಟ್ಟು ಬೇರೆ ಬೇರೆ ವಿಷಯಗಳಲ್ಲ ಎಂಬುದನ್ನು ಈ ಆದೇಶ ನೆನಪಿಸುತ್ತದೆ.

ಮೇಲುಕೋಟೆಯಲ್ಲಿ 1974ರಲ್ಲಿ ಘೋಷಣೆಯಾದ ಸುಮಾರು 50 ಚ.ಕಿ.ಮೀ. ವಿಸ್ತಾರದ ವನ್ಯಜೀವಿಧಾಮದ ಮುಖ್ಯ ಉದ್ದೇಶ ತೋಳಗಳ ರಕ್ಷಣೆ. ಇದರ ನಾರಾಯಣದುರ್ಗದ ಭಾಗ ಕೃಷ್ಣರಾಜಪೇಟೆ ತಾಲ್ಲೂಕಿಗೆ ಸೇರುತ್ತದೆ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಸಿಗುವ ಹಳದಿ ಕೊರಳಿನ ಪಿಕಳಾರವನ್ನು ಇಲ್ಲಿ ಹುಡುಕಬಹುದು. ನದಿಯಿಂದ ಇಷ್ಟು ಎತ್ತರದ ಊರು ಬದುಕಿದ್ದು ಕೊಳ, ಕಲ್ಯಾಣಿಗಳಿಂದ. ಒಂದು ಎಕರೆ ಬರಿಬಂಡೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಬಂಡೆ ಅದನ್ನು ಹೀರುವುದಿಲ್ಲ. ತಗ್ಗಿನಲ್ಲಿ ಕೊಳವಿದ್ದರೆ ಬಹುಪಾಲು ಅಲ್ಲಿಗೆ ಸೇರುತ್ತದೆ. ಕಲ್ಯಾಣಿಯ ಮೇಲಿನ ಬಂಡೆಯ ಮೇಲೆ ಕಟ್ಟಡ ಎದ್ದರೆ, ಅಥವಾ ನೀರಿನ ದಾರಿ ತಿರುಗಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಆದಿಚುಂಚನಗಿರಿಯ ನವಿಲು

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಲ್ಲಿ ನವಿಲುಧಾಮ ಸ್ಥಾಪನೆಯಾಯಿತು. ವಿಸ್ತಾರ ಒಂದು ಚ.ಕಿ.ಮೀ.ಗೂ ಕಡಿಮೆ. ಬೆಟ್ಟದ ಬುಡದಲ್ಲಿ ಶಾಲಾ ಕಾಲೇಜುಗಳೂ 2018ರಲ್ಲಿ ಆರಂಭವಾದ ವಿಶ್ವವಿದ್ಯಾಲಯವೂ ಇವೆ. ಕಾಲೇಜಿನಿಂದ ನಡೆದೇ ಹೋಗಬಹುದಾದ ಅಭಯಾರಣ್ಯ ಎಷ್ಟು ವಿದ್ಯಾರ್ಥಿಗಳಿಗೆ ಸಿಕ್ಕೀತು?

ನವಿಲುಗರಿಯ ನೀಲಿ, ಹಸಿರು ಬಣ್ಣಗಳು ವರ್ಣಕದಿಂದ ಬಂದವಲ್ಲ. ಗರಿಯ ಎಳೆಗಳಲ್ಲಿ ಮೆಲನಿನ್ ಕಡ್ಡಿಗಳು ಬೆಳಕಿನ ತರಂಗದೂರಕ್ಕೆ ಹೋಲಿಸಬಹುದಾದ ಅಂತರದಲ್ಲಿ ಸಾಲಾಗಿ ನಿಂತಿವೆ. ಅಂತರ ಬದಲಾದರೆ ಪ್ರತಿಫಲಿಸುವ ಬಣ್ಣವೂ ಬದಲಾಗುತ್ತದೆ. ಗರಿಯ ಮಿನುಗನ್ನು ರಾಬರ್ಟ್ ಹುಕ್ 1665ರಲ್ಲೇ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದ್ದ. ಸರ್ ಸಿ.ವಿ. ರಾಮನ್ ಅವರು 1934ರಲ್ಲಿ ಹಕ್ಕಿಗಳ ಗರಿಬಣ್ಣದ ಬಗ್ಗೆ ಬರೆದಾಗ ಆರಿಸಿಕೊಂಡದ್ದು ನಮ್ಮ ರಾಜ್ಯಪಕ್ಷಿ ನೀಲಕಂಠವನ್ನು. ನವಿಲುಗರಿಯ ಜಾಲರಿಯ ರಚನೆಯ ವಿವರಗಳು 2003ರಲ್ಲಿ ಪ್ರಕಟವಾದವು. ಬಿದ್ದ ಗರಿಯೊಂದನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಅದು ಮಾಸಲು ಕಂದಾಗಿ ಕಾಣುತ್ತದೆ. ನೋಡಿದ ಮೇಲೆ ಅಲ್ಲಿಯೇ ಬಿಟ್ಟು ಬನ್ನಿ.

ಹೇಮಗಿರಿ, ಮತ್ತು ಮುಳುಗಿದ ಕನ್ನಂಬಾಡಿ

ಕೃಷ್ಣರಾಜಪೇಟೆಯ ಹೇಮಗಿರಿಯಲ್ಲಿ ಹೇಮಾವತಿ ಒಂದು ತಗ್ಗು ಕಟ್ಟೆಯನ್ನು ಹತ್ತಿಳಿದು ನೊರೆಯಾಗಿ ಬೀಳುತ್ತದೆ. ಜನ ಇದನ್ನು ಜಲಪಾತವೆಂದೇ ಕರೆಯುತ್ತಾರೆ. ಗೊರೂರಿನಲ್ಲಿ 1979ರಲ್ಲಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಇಲ್ಲಿನ ನೊರೆಯೂ ಮೇಲಿನ ತೂಬುಗಳ ಮಾತು ಕೇಳುತ್ತದೆ. ಹಿನ್ನೀರಿನ ಕತೆ ಇನ್ನೊಂದು ಬಗೆಯದು. ಹೊಯ್ಸಳರ ಕಾಲದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಜಲಾಶಯದಲ್ಲಿ ಮುಳುಗಿತ್ತು. ಬರಗಾಲದಲ್ಲಿ ನೀರು ಇಳಿದಾಗ ಕಾಣಿಸಿಕೊಳ್ಳುತ್ತಿದ್ದ ಅದರ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮರುಜೋಡಿಸಲಾಗಿದೆ. ನೀರಿನ ಮಟ್ಟ ಏರಿಸುವ ತೀರ್ಮಾನದಲ್ಲಿ ಪಡೆದುಕೊಂಡವರ ಹೆಸರು ಮಾತ್ರವಲ್ಲ, ಬಿಟ್ಟುಕೊಟ್ಟ ಊರುಗಳ ಹೆಸರೂ ಇರಬೇಕು.

ಶಿಕ್ಷಕರಿಗೆ ಕೆಲವು ಸೂಚನೆಗಳು

ಪ್ರವಾಸಕ್ಕೆ ಮುನ್ನ ಒಂದು ವಾರ ಪತ್ರಿಕೆಯಲ್ಲಿ ಬರುವ ಕೃಷ್ಣರಾಜಸಾಗರದ ಮಟ್ಟ, ಒಳಹರಿವು, ಹೊರಹರಿವುಗಳನ್ನು ವಿದ್ಯಾರ್ಥಿಗಳು ಬರೆದಿಡಲಿ. ರಂಗನತಿಟ್ಟಿನಲ್ಲಿ ಬಂಡೆಗಳ ಮೇಲಿನ ಹಳೆಯ ನೀರಿನ ಗೆರೆ ಮತ್ತು ಅತಿ ತಗ್ಗಿನ ಗೂಡಿನ ನಡುವಿನ ಅಂತರವನ್ನು ದೂರದಿಂದಲೇ ಅಂದಾಜು ಮಾಡಲಿ. ಹೊರಹರಿವು ಹೆಚ್ಚಿದ ದಿನಗಳಲ್ಲಿ ದೋಣಿ ಸಂಚಾರ ನಿಲ್ಲಿಸುತ್ತಾರೆ. ಮೊದಲೇ ವಿಚಾರಿಸಿ ಹೊರಡಿ. ಗುಂಬಜಿನ ಆವರಣದಲ್ಲಿ 1792ಕ್ಕೆ ಮುಂಚಿನ ತೋಟ ಎಲ್ಲಿಯವರೆಗೆ ಹಬ್ಬಿದ್ದಿರಬಹುದೆಂದು ನಕ್ಷೆಯಲ್ಲಿ ಗುರುತಿಸಲಿ. ತೊಣ್ಣೂರಿನಲ್ಲಿ ಏರಿಯ ಅಡ್ಡಸೀಳಿಕೆಯ ಚಿತ್ರ ಬರೆಯಲಿ. ಕುಂತಿಬೆಟ್ಟ, ಮೇಲುಕೋಟೆಗಳನ್ನು ಬೆಳಗಿನ ಹೊತ್ತಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಒಂದು ಪ್ರಶ್ನೆಯನ್ನು ಮಾತ್ರ ಎಲ್ಲ ಕಡೆಯೂ ಕೇಳಿ: ಇಲ್ಲಿನ ನೀರಿನ ಮಟ್ಟವನ್ನು ಯಾರು ನಿರ್ಧರಿಸುತ್ತಾರೆ, ಮತ್ತು ಹಾಗೆ ನಿರ್ಧರಿಸುವಾಗ ಯಾರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಅರಸ, ರೈತ, ಎಂಜಿನಿಯರ್, ನ್ಯಾಯಾಲಯ ಎಂದು ಉತ್ತರಗಳು ಒಂದೊಂದು ಕಾಲಕ್ಕೆ ಒಂದೊಂದಾಗಿ ಬರುತ್ತವೆ. 1792ರಲ್ಲಿ ಗಂಜಾಂನ ಸೈಪ್ರೆಸ್ ಮರಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರಂಗನತಿಟ್ಟಿನ ಗೂಡುಗಳು 1940ರಿಂದೀಚೆಗೆ ಕಾಗದದ ಮೇಲೆ ಲೆಕ್ಕಕ್ಕೆ ಬಂದಿವೆ. ತೂಬಿನ ಬಾಗಿಲು ಎತ್ತುವ ವೇಳಾಪಟ್ಟಿಯಲ್ಲೂ ಅವುಗಳಿಗೊಂದು ಅಂಕಣ ಇರಬೇಕು. ಅದನ್ನು ಹೇಗೆ ತುಂಬುವುದು ಎಂಬ ಲೆಕ್ಕ ಇಂದಿನ ವಿದ್ಯಾರ್ಥಿಗಳ ಪಾಲಿಗೆ ಉಳಿದಿದೆ.